ಕರೆಂಟ್ ಹೋಗಿ ಬಂದ ಮೇಲೂ ಕಂಟ್ರೋಲರ್ ಸಿಗಬೇಕಾದರೆ ಯಾವ ಬಗೆಯ ಐಪಿ?

ಮಡಿಕೇರಿಯಿಂದ ಗಾಳಿಬೀಡು ಕಡೆ ಹೋಗುವಾಗ ಒಂದು ರೆಸಾರ್ಟ್ ಸಿಗುತ್ತದೆ. ಅಲ್ಲಿ ಬಿಸಿನೀರಿನ ಹೀಟ್ ಪಂಪ್, ಹೊಳೆಯಿಂದ ನೀರೆತ್ತುವ ಮೋಟಾರು, ಜನರೇಟರ್, ಕಾರಿಡಾರ್ ದೀಪ ಎಲ್ಲವನ್ನೂ ಕಂಟ್ರೋಲರ್‌ಗಳೇ ನಡೆಸುತ್ತವೆ. ಒಟ್ಟು 23 ಇವೆ. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೂರು ಮಳೆಗಾಲದಲ್ಲಿ ಮೂರು ಬಗೆಯಾಗಿ ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಅವನ್ನು ಹುಡುಕುವ ವಿಳಾಸ, ಕೊಟ್ಟು ನೋಡಿದ್ದೇನೆ.

ಮಳೆಗಾಲ ಅಂತ ಸುಮ್ನೆ ಹೇಳುತ್ತಿಲ್ಲ. ಜೂನ್‌ನಿಂದ ನಮ್ಮಲ್ಲಿ ಕರೆಂಟ್ ಹೋಗುವುದಕ್ಕೂ ಬರುವುದಕ್ಕೂ ಲೆಕ್ಕ ಇರುವುದಿಲ್ಲ. ಸಿಲ್ವರ್ ಓಕಿನ ಒಂದು ಕೊಂಬೆ ಲೈನ್ ಮೇಲೆ ಬಿದ್ದರೆ ಸಾಕು. ಊರಿನ ಆಫೀಸಿನಲ್ಲಿ ಚೆನ್ನಾಗಿ ನಡೆಯುವ ವ್ಯವಸ್ಥೆ ಇಲ್ಲಿ ನಡೆಯದೇ ಇರುವುದಕ್ಕೆ ಮುಖ್ಯ ಕಾರಣ ಇದೇ.

ಮೊದಲ ವರ್ಷ ಎಲ್ಲವನ್ನೂ ಡಿಎಚ್‌ಸಿಪಿಗೆ ಬಿಟ್ಟೆವು. ಅಂದರೆ ರೂಟರ್ ಕೊಟ್ಟಿದ್ದೇ ವಿಳಾಸ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಬೇಸಿಗೆ ಪೂರ್ತಿ ಒಂದು ತೊಂದರೆಯೂ ಇರಲಿಲ್ಲ. ಮಳೆ ಹಿಡಿದ ಮೇಲೆ ನೋಡಿ, ಬೆಳಿಗ್ಗೆ ಐದಕ್ಕೇ ಫೋನ್ ಬರಲು ಶುರು: ಮೇಲಿನ ಕಾಟೇಜಿಗೆ ಬಿಸಿನೀರಿಲ್ಲ, ಕಂಪ್ಯೂಟರ್‌ನಲ್ಲಿ ಕಂಟ್ರೋಲರ್ ಆಫ್‌ಲೈನ್ ಅಂತ ತೋರಿಸುತ್ತಿದೆ.

ಕಾರಣ ಹುಡುಕಲು ವಾರ ಹಿಡಿಯಿತು. ಕರೆಂಟ್ ಬಂದ ಅರ್ಧ ನಿಮಿಷದಲ್ಲಿ ಕಂಟ್ರೋಲರ್ ಎದ್ದು ವಿಳಾಸ ಕೇಳುತ್ತದೆ. ರೂಟರ್ ಏಳುವುದಕ್ಕೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಕು. ಉತ್ತರ ಬರದಿದ್ದಾಗ ಕೆಲವು ಕಂಟ್ರೋಲರ್ ತಾವೇ 169.254ರಿಂದ ಶುರುವಾಗುವ ಒಂದು ವಿಳಾಸ ಹಾಕಿಕೊಳ್ಳುತ್ತವೆ. ಆ ವಿಳಾಸದಲ್ಲಿ ಅವು ನಮ್ಮ ಕಂಪ್ಯೂಟರ್‌ಗೆ ಸಿಗುವುದಿಲ್ಲ. ಒಳ್ಳೆಯವು ಆಮೇಲೂ ಕೇಳುತ್ತಲೇ ಇರುತ್ತವೆ. ನಮ್ಮ ಎರಡು ಮಾತ್ರ ಅಲ್ಲೇ ಕೂತುಬಿಡುತ್ತಿದ್ದವು. ಯಾರಾದರೂ ಹೋಗಿ ಆಫ್ ಮಾಡಿ ಆನ್ ಮಾಡಬೇಕಿತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಮ್ಮ ಎನರ್ಜಿ ಮೀಟರ್‌ಗಳು ನೆಟ್‌ವರ್ಕ್‌ನಲ್ಲಿ ಮಾತಾಡುವ ಭಾಷೆ ಮೋಡ್‌ಬಸ್ ಟಿಸಿಪಿ, ಪೋರ್ಟ್ (ಮಾತು ಒಳಬರುವ ಬಾಗಿಲ ನಂಬರ್) 502. ಅವನ್ನು ಸಾಫ್ಟ್‌ವೇರ್ ಗುರುತಿಸುವುದು ಐಪಿಯಿಂದ. ಆ ರೂಟರ್ ರೀಬೂಟ್ ಆದರೆ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನುವುದನ್ನೇ ಮರೆಯುತ್ತಿತ್ತು. ಒಂದು ಸಲ ಅಡುಗೆಮನೆಯ ಮೀಟರ್ ವಿಳಾಸ ಲಾಂಡ್ರಿಗೆ, ಲಾಂಡ್ರಿಯದು ಅಡುಗೆಮನೆಗೆ ಹೋಯಿತು. ಎರಡೂ ಒಂದೇ ಮಾಡೆಲ್, ಹಾಗಾಗಿ ಎರರ್ ಬರಲಿಲ್ಲ. ಹನ್ನೊಂದು ದಿನ ತಪ್ಪು ಲೆಕ್ಕವೇ ಬರೆದುಕೊಂಡಿತು. ಆಫ್‌ಲೈನ್ ಆದರೆ ಗೊತ್ತಾದರೂ ಆಗುತ್ತದೆ. ಇದು ಗೊತ್ತೇ ಆಗುವುದಿಲ್ಲ, ಅದಕ್ಕೇ ನನಗೆ ಜಾಸ್ತಿ ಭಯ.

ಎರಡನೇ ವರ್ಷ ರಿಸರ್ವೇಶನ್. ಪ್ರತಿ ಕಂಟ್ರೋಲರ್‌ನ ಮ್ಯಾಕ್ ಅಡ್ರೆಸ್ (ತಯಾರಿಸುವಾಗಲೇ ಕೊಟ್ಟ ಗುರುತಿನ ಸಂಖ್ಯೆ) ಬರೆದುಕೊಂಡು, ಇಂಥದ್ದಕ್ಕೆ ಇಂಥದ್ದೇ ಐಪಿ ಅಂತ ರೂಟರ್‌ನಲ್ಲಿ ಕಟ್ಟಿಹಾಕಿದೆ. ರೂಟರ್ ಮತ್ತು ಸ್ವಿಚ್‌ಗಳಿಗೆ ಯುಪಿಎಸ್ ಕೊಟ್ಟೆ. ಅದಲುಬದಲು ನಿಂತಿತು. ಪಟ್ಟಿ ಒಂದೇ ಕಡೆ ಇರುವುದು ನನಗೆ ನಿಜಕ್ಕೂ ಇಷ್ಟವಾಯಿತು. ಆದರೆ ಎಲ್ಲದರ ಜುಟ್ಟೂ ಒಂದೇ ಪೆಟ್ಟಿಗೆಯ ಕೈಯಲ್ಲಿ. ಏಪ್ರಿಲ್‌ನ ಸಿಡಿಲಿಗೆ ರೂಟರ್ ಸುಟ್ಟಿತು, ಪಟ್ಟಿಯೂ ಅದರ ಜೊತೆ ಹೋಯಿತು. ಬ್ಯಾಕಪ್ ಇಟ್ಟುಕೊಂಡಿರಲಿಲ್ಲ. ಕಂಟ್ರೋಲರ್ ಸುಟ್ಟು ಹೊಸದು ಹಾಕಿದರೂ ಅಷ್ಟೇ, ಹೊಸ ಮ್ಯಾಕ್ ಬರೆಯುವವರೆಗೆ ಅದು ತನ್ನ ಜಾಗಕ್ಕೆ ಬರುವುದಿಲ್ಲ.

ಮೂರನೇ ವರ್ಷ ಸ್ಟ್ಯಾಟಿಕ್. ಪ್ರತಿ ಕಂಟ್ರೋಲರ್‌ಗೂ, ಮೀಟರ್‌ಗೂ ಅದರೊಳಗೇ ವಿಳಾಸ ಬರೆದೆ. 192.168.10.21ರಿಂದ ಮೇಲಕ್ಕೆ ಅವು. ರೂಟರ್ ತಾನೇ ಹಂಚುವ ವಿಳಾಸಗಳು 100ರಿಂದ 200, ಲ್ಯಾಪ್‌ಟಾಪ್, ಪ್ರಿಂಟರ್‌ಗಳಿಗೆ. ಕರೆಂಟ್ ಬಂದ ಕೂಡಲೇ ಕಂಟ್ರೋಲರ್ ತನ್ನ ವಿಳಾಸದಲ್ಲೇ ಏಳುತ್ತದೆ. ರೂಟರ್ ಸತ್ತಿದ್ದರೂ ಒಂದೇ ನೆಟ್‌ವರ್ಕ್‌ನಲ್ಲಿರುವ ಕಂಟ್ರೋಲರ್‌ಗಳು ಸ್ವಿಚ್ ಮೂಲಕ ಮಾತಾಡಿಕೊಳ್ಳುತ್ತವೆ. ನಮ್ಮ ಬೆಟ್ಟಕ್ಕೆ ಇದೇ ಸರಿ ಅಂತ ನನ್ನ ತೀರ್ಮಾನ.

ಆದರೂ ಸ್ಟ್ಯಾಟಿಕ್‌ಗೆ ಒಂದು ಕಾಯಿಲೆ ಇದೆ. ಒಂದೇ ವಿಳಾಸ ಇಬ್ಬರಿಗೆ ಬಂದರೆ ತಡೆಯುವವರು ಯಾರೂ ಇಲ್ಲ. ಕೊಡವರ ಕಕ್ಕಡ ತಿಂಗಳ 18ರ ದಿನ ನಾಲ್ಕು ಕಾಟೇಜುಗಳ ಹೀಟ್ ಪಂಪ್ ಕಂಟ್ರೋಲರ್ ಒಂದು ನಿಮಿಷ ಕಾಣುತ್ತಿತ್ತು, ಮರು ನಿಮಿಷ ಇಲ್ಲ. ಅಡುಗೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ನಾನು ಪಕ್ಕದ ಪ್ಯಾನೆಲ್ ಮುಂದೆ ಕೂತಿದ್ದೆ. ಅದರ ವಿಳಾಸ 192.168.10.27ಕ್ಕೆ ಪಿಂಗ್ ಮಾಡಿದೆ, ಅಂದರೆ 'ಇದ್ದೀಯಾ' ಅಂತ ಕೇಳಿದೆ. ಎರಡು ಉತ್ತರ, ಒಂದು ಟೈಮ್‌ಔಟ್, ಮತ್ತೆ ಉತ್ತರ. ಕಂಟ್ರೋಲರ್‌ನ ಕೇಬಲ್ಲನ್ನೇ ಕಿತ್ತೆ. ಪಿಂಗ್‌ಗೆ ಉತ್ತರ ಬರುತ್ತಲೇ ಇತ್ತು! ಅಲ್ಲಿಗೆ ಗೊತ್ತಾಯಿತು. ಎಆರ್‌ಪಿ ಪಟ್ಟಿ (ಯಾವ ಐಪಿ ಯಾವ ಮ್ಯಾಕ್‌ನದು ಅಂತ ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ) ತೆಗೆದು ನೋಡಿದರೆ ಅದೇ ಐಪಿ ಎದುರಿಗೆ ಬೇರೆ ಮ್ಯಾಕ್. ಮ್ಯಾಕ್‌ನ ಮೊದಲ ಅರ್ಧ ತಯಾರಿಸಿದ ಕಂಪನಿಯದು, ಅದರಿಂದ ಕ್ಯಾಮೆರಾ ರೆಕಾರ್ಡರ್ ಅಂತ ತಿಳಿಯಿತು. ಹಿಂದಿನ ವಾರ ಸಿಸಿಟಿವಿ ಹಾಕಿದವರು ಖಾಲಿ ಇದೆ ಅಂದುಕೊಂಡು 27 ಕೊಟ್ಟಿದ್ದರು. ರೆಕಾರ್ಡರ್‌ಗೆ 210 ಕೊಟ್ಟ ಮೇಲೆ ಶಾಂತವಾಯಿತು.

ಕಳೆದುಹೋದ ಕಂಟ್ರೋಲರ್ ಹುಡುಕುವುದರಲ್ಲೂ ನಾಲ್ಕು ದಾರಿ ಬಳಸಿದ್ದೇನೆ. ಬರೀ ಪಿಂಗ್ ನಂಬಬೇಡಿ. ಕೆಲವು ಕಂಟ್ರೋಲರ್ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಆದರೆ ಪಿಂಗ್ ಸೋತ ಮೇಲೆ ಎಆರ್‌ಪಿ ಪಟ್ಟಿಯಲ್ಲಿ ಅದರ ಮ್ಯಾಕ್ ಬಂದಿದ್ದರೆ ಜೀವ ಇದೆ ಅಂತ ಅರ್ಥ. ನೆಟ್‌ವರ್ಕ್‌ನಲ್ಲಿ ಯಾರ್ಯಾರಿದ್ದಾರೆ ಅಂತ ಹುಡುಕುವ ಐಪಿ ಸ್ಕ್ಯಾನರ್‌ಗಳಲ್ಲಿ ನನಗೆ ಎನ್‌ಮ್ಯಾಪ್ ಮೇಲೆ ಭರವಸೆ ಜಾಸ್ತಿ. ನಮ್ಮದೇ ನೆಟ್‌ವರ್ಕ್‌ನಲ್ಲಿ ಅದು ಎಆರ್‌ಪಿಯಿಂದಲೇ ಹುಡುಕುತ್ತದೆ.

ಬ್ಯಾಕ್‌ನೆಟ್ ಅಂದರೆ ಕಟ್ಟಡದ ಕಂಟ್ರೋಲರ್‌ಗಳು ಮಾತಾಡುವ ಭಾಷೆ. ಅದರ ಹೂ-ಈಸ್ ಇನ್ನೂ ಚೆಂದ. ಯುಡಿಪಿ ಪೋರ್ಟ್ 47808ರಲ್ಲಿ 'ಯಾರಿದ್ದೀರಿ' ಅಂತ ಎಲ್ಲರಿಗೂ ಕೂಗಿದರೆ, ಇದ್ದವರು ತಮ್ಮ ಇನ್‌ಸ್ಟೆನ್ಸ್ ನಂಬರ್ (ಬ್ಯಾಕ್‌ನೆಟ್‌ನಲ್ಲಿ ಅವರ ಗುರುತಿನ ಸಂಖ್ಯೆ) ಹೇಳುತ್ತಾರೆ. ಆದರೆ ಈ ಕೂಗು ಸಾಮಾನ್ಯವಾಗಿ ರೂಟರ್ ದಾಟುವುದಿಲ್ಲ, ದಾಟಿಸಲು ಬಿಬಿಎಂಡಿ ಅನ್ನುವ, ಕೂಗನ್ನು ಆಚೆಗೆ ತಲುಪಿಸುವ ಸಾಧನ ಬೇಕು. ಪಿಂಗ್ ಆಗುತ್ತಿದ್ದು ಹೂ-ಈಸ್‌ಗೆ ಸಿಗದಿದ್ದರೆ ಮೊದಲು ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ತನ್ನದೇ ನೆಟ್‌ವರ್ಕ್‌ನವು ಅಂತ ಹೇಳುವ ಸಂಖ್ಯೆ) ನೋಡಿ. ಒಂದು ಕಡೆ 255.255.255.0, ಇನ್ನೊಂದು ಕಡೆ 255.255.0.0 ಇದ್ದರೆ ಒಬ್ಬರ ಕೂಗು ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಇಲ್ಲದಿದ್ದರೆ ಕೂಗು ವೈಫೈ ಕಡೆಗೇ ಹೋಗಿಬಿಡಬಹುದು. ಫೈರ್‌ವಾಲ್ ಕೂಡ ನೋಡಿ.

ಯಾವುದಕ್ಕೂ ಸಿಗದಿದ್ದಾಗ ನನ್ನನ್ನು ಕಾಪಾಡಿದ್ದು ವೈರ್‌ಶಾರ್ಕ್, ಕೇಬಲ್‌ನಲ್ಲಿ ಓಡಾಡುವ ಮಾತನ್ನೆಲ್ಲ ಹಿಡಿದು ತೋರಿಸುವ ಸಾಫ್ಟ್‌ವೇರ್. ಹೊಳೆ ಪಕ್ಕದ ಪಂಪ್‌ಹೌಸ್‌ಗೆ ಸ್ಟೋರಿನಿಂದ ಒಂದು ಹಳೆಯ ಕಂಟ್ರೋಲರ್ ತಂದು ಹಾಕಿದ್ದೆವು. ಹಿಂದೆ ಬೇರೆ ಎಲ್ಲೋ ಇತ್ತಂತೆ, ಮೇಲೆ ಚೀಟಿ ಇರಲಿಲ್ಲ. ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು, ಕಾಲಿಗೆ ಜಿಗಣೆ ಹತ್ತುತ್ತಿತ್ತು. ಲ್ಯಾಪ್‌ಟಾಪನ್ನು ಸಿಮೆಂಟ್ ಚೀಲದ ಮೇಲಿಟ್ಟು ಕೇಬಲ್ ನೇರವಾಗಿ ಸಿಕ್ಕಿಸಿದೆ. ಕ್ಯಾಪ್ಚರ್ ಶುರು ಮಾಡಿ, ಕಂಟ್ರೋಲರ್‌ನ ಸಪ್ಲೈ ತೆಗೆದು ಮತ್ತೆ ಕೊಟ್ಟೆ. ಇಪ್ಪತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಒಂದೇ ಒಂದು ಸಾಲು ಬಂತು: 192.168.0.1 ಯಾರ ಬಳಿ ಇದೆ, 192.168.0.77ಕ್ಕೆ ಹೇಳಿ. ಎದ್ದ ಕೂಡಲೇ ತನ್ನ ಹಳೆಯ ಗೇಟ್‌ವೇಯನ್ನು (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾಗುವ ರೂಟರ್) ಹುಡುಕುತ್ತಾ ಅದು ತನ್ನ ವಿಳಾಸವನ್ನೂ ಹೇಳಿಬಿಟ್ಟಿತ್ತು. ಲ್ಯಾಪ್‌ಟಾಪ್‌ಗೂ ಅದೇ ಸಾಲಿನ 192.168.0.5 ಕೊಟ್ಟೆ, ಕಂಟ್ರೋಲರ್‌ನ ಪೇಜ್ ತೆರೆಯಿತು.

ರೀಸೆಟ್ ಬಟನ್ ನನಗೆ ಕೊನೆಯ ದಾರಿ. ಕೆಲವು ಮಾಡೆಲ್‌ನಲ್ಲಿ ಐಪಿ ಜೊತೆಗೆ ಪ್ರೋಗ್ರಾಂ ಕೂಡ ಅಳಿಸಿಹೋಗುತ್ತದೆ.

ಈಗ ಪ್ರತಿ ಪ್ಯಾನೆಲ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಐಪಿ, ಮಾಸ್ಕ್, ಗೇಟ್‌ವೇ, ಇನ್‌ಸ್ಟೆನ್ಸ್ ನಂಬರ್, ಮ್ಯಾಕ್, ಬದಲಿಸಿದ ತಾರೀಕು. ಬರೀ ಕಾಗದಕ್ಕೆ ಇಲ್ಲಿನ ತೇವದಲ್ಲಿ ಆಗಸ್ಟ್‌ಗೇ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಲ್ಯಾಮಿನೇಟ್ ಮಾಡಿಸಿದ್ದೇನೆ. ಇನ್ನೊಂದು ಪ್ರತಿ ರಿಸೆಪ್ಶನ್‌ನಲ್ಲಿದೆ. ಕ್ಯಾಮೆರಾದವರು ಬಂದರೆ ಮೊದಲು ಅದನ್ನು ತೋರಿಸಿ ಅಂತ ಅಲ್ಲಿನ ಹುಡುಗಿಗೆ ಹೇಳಿಟ್ಟಿದ್ದೇನೆ.