ಕುಸ್ವಾರ್ ಡಬ್ಬ: ದೇವರನ್ನು ನಂಬದವನ ರಿವ್ಯೂ

ಮಂಗಳೂರಿನ ಬಿಜೈ ಕಡೆ ಮನೆಯಲ್ಲೇ ತಿಂಡಿ ಮಾಡಿ ಮಾರುವ ಒಂದು ಕ್ರಿಶ್ಚಿಯನ್ ಕುಟುಂಬ ಉಂಟು. ಡಿಸೆಂಬರ್ ಬಂತೆಂದರೆ ಅವರಲ್ಲಿ ಕುಸ್ವಾರ್ ಡಬ್ಬ, ಅಂದರೆ ಕ್ರಿಸ್‌ಮಸ್ ತಿಂಡಿಗಳ ಡಬ್ಬ ಸಿಗುತ್ತದೆ. ಅರ್ಧ ಕಿಲೋದ್ದು, ಒಂದು ಕಿಲೋದ್ದು, ಎರಡು ಸೈಜ್. ನಾನು ದೊಡ್ಡದೇ ತಗೊಂಡೆ. ಸಣ್ಣ ವ್ಯಾಪಾರ, ಹಾಗಾಗಿ ಹೆಸರು ಹಾಕುವುದಿಲ್ಲ. ಮಂಗಳೂರಿನಲ್ಲಿ ಈಗ ಇಂಥವರು ಬೇಕಾದಷ್ಟು ಜನ ಇದ್ದಾರೆ, ಕುಲಶೇಖರ, ಬೆಂದೂರು, ವೆಲೆನ್ಸಿಯಾ ಎಲ್ಲಿ ವಿಚಾರಿಸಿದರೂ ಒಬ್ಬರಾದರೂ ಸಿಗುತ್ತಾರೆ, ಏನು ನೋಡಿ ತಗೊಳ್ಳಬೇಕು ಅಂತ ಗೊತ್ತಿದ್ದರೆ ಸಾಕು.

ಡಬ್ಬದಲ್ಲಿ ಇದ್ದದ್ದು ನೆವ್ರಿ (ಕರ್ಜಿಕಾಯಿ ಥರದ್ದು), ಕಿಡಿಯೊ (ಸುರುಳಿ ಸುತ್ತಿ ಕರಿದದ್ದು), ಗುಳಿಯೊ (ಸಣ್ಣ ಉಂಡೆ), ರೋಸ್ ಕುಕ್ಕೀಸ್, ತುಕ್ಡಿ (ಶಂಕರಪೋಳಿ ಥರದ ತುಂಡು), ಚಕ್ಕುಲಿ, ಮತ್ತೆ ಬಟರ್ ಪೇಪರಿನಲ್ಲಿ ಸುತ್ತಿದ ಪೆರಾದ್ (ಪೇರಳೆ ಹಲ್ವ). ಪ್ಲಮ್ ಕೇಕ್ ಬೇರೆ, ಅದಕ್ಕೆ ದುಡ್ಡೂ ಬೇರೆ.

ರೋಸ್ ಕುಕ್ಕೀಸಿಗೆ ಪೂರ್ತಿ ಮಾರ್ಕು. ನೋಡುವಷ್ಟು ಸುಲಭದ ತಿಂಡಿ ಅಲ್ಲ ಅದು. ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಪೂರ್ತಿ ಮುಳುಗಿಸಿದರೆ ಹಿಟ್ಟು ಅಚ್ಚಿನ ಮೇಲೆ ಹತ್ತಿ ಕೂರುತ್ತದೆ, ಮತ್ತೆ ಎಷ್ಟು ಕುಲುಕಿದರೂ ಬಿಡುವುದಿಲ್ಲ. ಅಚ್ಚು ಸರಿಯಾಗಿ ಕಾಯದಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಇವರದ್ದರಲ್ಲಿ ಒಂದೊಂದು ಎಸಳೂ ಬಿಡಿಬಿಡಿಯಾಗಿ ಎದ್ದು ನಿಂತಿತ್ತು, ತೆಂಗಿನಹಾಲಿನ ಪರಿಮಳ ಇತ್ತು, ಹಲ್ಲಿಗೆ ತಾಗಿದ ಕೂಡಲೇ ಪುಡಿ. ನೆವ್ರಿಯೂ ಚೆನ್ನಾಗಿತ್ತು, ಎಳ್ಳು ಹದವಾಗಿ ಹುರಿದಿದ್ದರು, ಗೋಡಂಬಿ ಹುಡುಕಬೇಕಾಗಲಿಲ್ಲ. ಗುಳಿಯೊ ಸ್ವಲ್ಪ ಗಟ್ಟಿ, ಹಲ್ಲು ಕಟ್ಟಿಸಿಕೊಂಡವರು ಜಾಗ್ರತೆ. ತುಕ್ಡಿಯಲ್ಲಿ ಮಾತ್ರ ಹಳೆ ಎಣ್ಣೆಯ ವಾಸನೆ ಬಂತು, ಸುಮ್ನೆ ಹೇಳುತ್ತಿಲ್ಲ, ಮನೆಯಲ್ಲಿ ಮೂವರಿಗೂ ಹಾಗೇ ಅನ್ನಿಸಿತು. ಪೆರಾದ್‌ನಲ್ಲಿ ಪೇರಳೆಗಿಂತ ಸಕ್ಕರೆ ಜಾಸ್ತಿ.

ಆರ್ಡರ್ ಕೊಡಲು ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನೀವು ಯಾವ ಇಗರ್ಜಿಯವರು?" ಇಗರ್ಜಿ ಅಂದರೆ ಚರ್ಚು.

"ಯಾವುದಕ್ಕೂ ಹೋಗುವುದಿಲ್ಲ ಆಂಟಿ."

"ಹಾಗಾದ್ರೆ ಒಳ್ಳೇದಾಯ್ತು. 20ಕ್ಕೇ ಬಂದು ತಗೊಂಡು ಹೋಗಿ. ಇಗರ್ಜಿಯವರಿಗೆಲ್ಲ 24ಕ್ಕೇ ಬೇಕು, ನಂಗೆ ಆಗೂದಿಲ್ಲ."

ನಾಸ್ತಿಕನಾಗಿ ಇಷ್ಟು ವರ್ಷಕ್ಕೆ ಸಿಕ್ಕಿದ ಮೊದಲ ಸೌಲಭ್ಯ ಇದು ಮಾರಾಯ್ರೆ.

ಹೌದು, ನನಗೆ ದೇವರಲ್ಲಿ ನಂಬಿಕೆ ಇಲ್ಲ. ಹುಟ್ಟಿದ್ದು ಹಿಂದೂ ಮನೆಯಲ್ಲಿ. ಉಡುಪಿ ಅಷ್ಟಮಿಯ ಉಂಡೆ ಚಕ್ಕುಲಿ ಬಂದರೆ ಅದನ್ನೂ ಬಿಡುವುದಿಲ್ಲ. ಯಾವ ಹಬ್ಬವೂ ನನ್ನದಲ್ಲ, ಹಾಗಾಗಿ ಯಾವ ತಿಂಡಿಯನ್ನೂ ಬೇಡ ಅನ್ನಲು ಕಾರಣವೂ ಇಲ್ಲ. ಈ ಬುದ್ಧಿ ಗಟ್ಟಿಯಾದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, ಕೆಲಸದ ಮೇಲೆ ಅಲ್ಲಿದ್ದಾಗ. ಅಲ್ಲಿಯ ಕ್ರಿಸ್‌ಮಸ್ ಮಾರುಕಟ್ಟೆ ನವೆಂಬರ್ ಕೊನೆಯ ಹೊತ್ತಿಗೆ ಒಂದು ಶುಕ್ರವಾರ ಶುರುವಾಗುತ್ತದೆ. ಫ್ರೌವೆನ್‌ಕಿರ್ಖೆ ಎನ್ನುವ ಇಗರ್ಜಿಯ ಬಾಲ್ಕನಿಯಲ್ಲಿ ಹೊಂಬಣ್ಣದ ಉಡುಪು, ಕಿರೀಟ ತೊಟ್ಟ ಒಬ್ಬ ಹುಡುಗಿ ನಿಂತು ಪದ್ಯ ಹೇಳುತ್ತಾಳೆ, ಕೆಳಗೆ ಚೌಕದ ತುಂಬ ಜನ. ಅವಳಿಗೆ ಕ್ರಿಸ್ಟ್‌ಕಿಂಡ್ ಅಂತ ಹೆಸರು, ಎರಡು ವರ್ಷಕ್ಕೊಬ್ಬಳನ್ನು ಊರಿನವರು ಆರಿಸುತ್ತಾರೆ. ಪದ್ಯ ಮುಗಿದ ಕೂಡಲೇ ಜನ ಬಿಸಿ ವೈನಿನ ಅಂಗಡಿಗೆ ನುಗ್ಗುತ್ತಾರೆ. ಕಪ್ಪಿಗೆ ಡೆಪಾಸಿಟ್ ಇಡಬೇಕು, ವಾಪಸ್ ಕೊಟ್ಟರೆ ದುಡ್ಡು ವಾಪಸ್.

ಅಲ್ಲಿ ಇಗರ್ಜಿಯ ಸದಸ್ಯ ಅಂತ ದಾಖಲೆಯಲ್ಲಿ ಇದ್ದರೆ ಸರಕಾರವೇ ಇಗರ್ಜಿ ತೆರಿಗೆ ಹಿಡಿಯುತ್ತದೆ. ನ್ಯೂರೆಂಬರ್ಗ್ ಇರುವ ಬವೇರಿಯಾದಲ್ಲಿ ಅದು ಆದಾಯ ತೆರಿಗೆಯ ಶೇ 8. ಬೇಡ ಅಂದರೆ ಕಚೇರಿಗೆ ಹೋಗಿ ಬರೆದು ಕೊಟ್ಟು ಹೊರಗೆ ಬರಬೇಕು. ತುಂಬಾ ಜನ ಹೊರಗೆ ಬಂದಿದ್ದಾರೆ. ಕೆಥೊಲಿಕ್, ಪ್ರೊಟೆಸ್ಟಂಟ್ ಎರಡೂ ಸೇರಿದರೂ ಈಗ ಜರ್ಮನಿಯ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ನನ್ನ ಆಫೀಸಿನ ಒಬ್ಬ ಹಾಗೆ ಹೊರಗೆ ಬಂದವನೇ, ಆದರೆ ಮಾರುಕಟ್ಟೆ ಶುರುವಾಗುವ ದಿನ ಮಾತ್ರ ತಪ್ಪಿಸುತ್ತಿರಲಿಲ್ಲ, ವೈನ್ ಹಿಡಿದುಕೊಂಡು ಆ ಬಾಲ್ಕನಿಯನ್ನೇ ನೋಡುತ್ತಾ ನಿಲ್ಲುತ್ತಿದ್ದ. ದೇವರನ್ನು ಬಿಟ್ಟವನು ಹಬ್ಬವನ್ನೂ ಬಿಡಬೇಕು ಅಂತ ಯಾರೂ ಅವನಿಗೆ ಹೇಳಲಿಲ್ಲ. ನನಗೆ ಅದು ಬಹಳ ಹಿಡಿಸಿತು.

ಹಾಗಂತ ಯುರೋಪ್ ಅಂದರೆ ಎಲ್ಲ ಬುದ್ಧಿವಂತರ ಊರು ಅಂದುಕೊಳ್ಳಬೇಡಿ. ಆ ಮಾರುಕಟ್ಟೆಯ ಚೌಕ ಮೊದಲು ಯಹೂದಿಗಳ ಕೇರಿ. 1349ರಲ್ಲಿ ಅವರನ್ನು ಕೊಂದು, ಮನೆಗಳನ್ನು ಕೆಡವಿ ಚೌಕ ಮಾಡಿದರು. ಅವರ ಪ್ರಾರ್ಥನಾ ಮಂದಿರ ಇದ್ದ ಜಾಗದಲ್ಲೇ ಈ ಫ್ರೌವೆನ್‌ಕಿರ್ಖೆ ಎದ್ದಿದೆ. ಇನ್ನು ಮೊನ್ನೆ ಮೊನ್ನೆಯದ್ದು, 2019ರಲ್ಲಿ ಕ್ರಿಸ್ಟ್‌ಕಿಂಡ್ ಆಗಿ ಆರಿಸಿದ ಹುಡುಗಿಯ ಅಪ್ಪ ಭಾರತದವರು. ಅವಳ ಬಣ್ಣ ನೋಡಿ ಒಂದು ಪಕ್ಷದ ಸ್ಥಳೀಯ ಘಟಕದವರು ಫೇಸ್‌ಬುಕ್‌ನಲ್ಲಿ ಹೊಲಸು ಬರೆದರು. ಊರಿನವರು ತಿರುಗಿಬಿದ್ದ ಮೇಲೆ ತೆಗೆದು ಹಾಕಿದರು. ಯಾರ ಹಬ್ಬಕ್ಕೆ ಯಾರು ಬರಬೇಕು ಅಂತ ಲೆಕ್ಕ ಹಾಕುವವರು ನಮ್ಮ ಊರಲ್ಲೂ ಕಡಿಮೆ ಏನಿಲ್ಲ ಅಲ್ವಾ?

ತಿಂಡಿಗೆ ಬರುತ್ತೇನೆ. ನ್ಯೂರೆಂಬರ್ಗ್‌ನ ಲೇಬ್‌ಕುಖೆನ್ ಅಂದರೆ ಏಲಕ್ಕಿ, ಲವಂಗ, ದಾಲ್ಚಿನ್ನಿ ಹಾಕಿದ ಮೆತ್ತಗಿನ ಬಿಸ್ಕತ್ತು. ಅಡಿಯಲ್ಲಿ ಒಂದು ತೆಳ್ಳಗಿನ ಬಿಳಿ ಹಾಳೆ ಇರುತ್ತದೆ, ಇಗರ್ಜಿಯ ಪೂಜೆಯಲ್ಲಿ ಕೊಡುವ ಓಸ್ತಿ ಎನ್ನುವ ತೆಳು ರೊಟ್ಟಿಯ ಜಾತಿಯದ್ದೇ, ಮಠದ ಅಡುಗೆಮನೆಯಿಂದ ಬಂದದ್ದು. ನಾಸ್ತಿಕರೂ ಅದನ್ನು ಕಿತ್ತು ಬಿಸಾಡುವುದಿಲ್ಲ, ಹಿಟ್ಟು ಅಂಟದಿರಲು ಬೇಕಲ್ಲ. ಅದರಲ್ಲಿ ಎಲಿಸೆನ್ ಅನ್ನುವ ಮೇಲಿನ ದರ್ಜೆಗೆ ನಿಯಮವೇ ಉಂಟು, ಬೀಜಗಳು ಕನಿಷ್ಠ ಶೇ 25, ಹಿಟ್ಟು ಶೇ 10ಕ್ಕಿಂತ ಹೆಚ್ಚಿರಬಾರದು. ನಮ್ಮ ಕುಸ್ವಾರಿಗೆ ಇಂಥ ಕಾನೂನು ಇಲ್ಲ. ಒಬ್ಬರ ನೆವ್ರಿಯಲ್ಲಿ ಗೋಡಂಬಿ ದ್ರಾಕ್ಷಿ ತುಂಬಿರುತ್ತದೆ, ಇನ್ನೊಬ್ಬರದ್ದರಲ್ಲಿ ಬರೀ ಸಕ್ಕರೆ ಮತ್ತು ಗಾಳಿ. ರೇಟು ಮಾತ್ರ ಒಂದೇ.

ಮೊದಲೆಲ್ಲ ಕುಸ್ವಾರ್ ತಟ್ಟೆಯಲ್ಲೇ ಬರುತ್ತಿತ್ತು, ಈಗ ಎಲ್ಲ ವ್ಯಾಪಾರ ಆಯ್ತು ಅಂತ ಬೇಸರ ಮಾಡುವವರು ಜಾಸ್ತಿ. ನಮ್ಮ ಮನೆಗೂ ಪಕ್ಕದ ಮನೆಯ ಬಾಯಮ್ಮನಿಂದ ಬರುತ್ತಿತ್ತು, ಮೇಲೆ ಕ್ರೋಶಾ ಹಾಕಿದ ಬಟ್ಟೆ ಮುಚ್ಚಿ. ಆ ತಟ್ಟೆಯನ್ನು ಅಮ್ಮ ಖಾಲಿ ವಾಪಸ್ ಕೊಟ್ಟದ್ದಿಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಬಾಳೆಹಣ್ಣು ಆದರೂ ಇಡುತ್ತಿದ್ದರು. ಒಳ್ಳೆಯದೇ. ಆದರೆ ಬಾಯಮ್ಮ ಡಿಸೆಂಬರ್ ಇಡೀ ರಾತ್ರಿ ಹನ್ನೊಂದು ಗಂಟೆಯವರೆಗೆ ಫೋರ್ಕಿನ ಬೆನ್ನ ಮೇಲೆ ಒಂದೊಂದೇ ಕಿಡಿಯೊ ಉರುಟಿಸುತ್ತಾ ಕೂರುತ್ತಿದ್ದರು, ಅವರಿಗೆ ಯಾರೂ ಒಂದು ಪೈಸೆ ಕೊಡಲಿಲ್ಲ. ಈ ಬಿಜೈಯ ಆಂಟಿ ಅದೇ ಕೆಲಸಕ್ಕೆ ಅಡ್ವಾನ್ಸ್ ತಗೊಳ್ಳುತ್ತಾರೆ, ಇಬ್ಬರು ಹೆಂಗಸರಿಗೆ ಸಂಬಳ ಕೊಡುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತದೆ. ತಟ್ಟೆ ಬರಬೇಕಾದರೆ ಪಕ್ಕದ ಮನೆಯಲ್ಲಿ ಕ್ರಿಶ್ಚಿಯನ್ನರು ಇರಬೇಕು, ನಿಮ್ಮ ಮೇಲೆ ಅವರಿಗೆ ವಿಶ್ವಾಸ ಇರಬೇಕು. ಡಬ್ಬಕ್ಕೆ ಅದೇನೂ ಬೇಡ, ಫೋನ್ ನಂಬರ್ ಸಾಕು. ತಟ್ಟೆ ಕಳಿಸುವವರು ಈಗಲೂ ಕಳಿಸುತ್ತಾರೆ, ಅದನ್ನೇನು ಯಾರೂ ನಿಲ್ಲಿಸಿಲ್ಲ.

ತಗೊಳ್ಳುವುದಾದರೆ ಡಿಸೆಂಬರ್ ಮೊದಲ ವಾರವೇ ಹೇಳಿಡಿ, 15 ದಾಟಿದರೆ ಸಿಗುವುದು ಕಷ್ಟ. ತುಕ್ಡಿ ಬೇಡ, ಅದರ ಬದಲು ರೋಸ್ ಕುಕ್ಕೀಸ್ ಹಾಕಿ ಅಂತ ಮೊದಲೇ ಹೇಳಿ, ಹಾಕುತ್ತಾರೆ. ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಸಡಿಲ, ಮನೆಗೆ ತಂದ ಕೂಡಲೇ ಬೇರೆ ಡಬ್ಬಕ್ಕೆ ಹಾಕದಿದ್ದರೆ ನಮ್ಮ ಕರಾವಳಿಯ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಮನೆಯಲ್ಲಿ ಮೊಟ್ಟೆ ತಿನ್ನದವರಿದ್ದರೆ ಅದನ್ನೂ ತಿಳಿಸಿ, ಮೊಟ್ಟೆ ಹಾಕದ ರೋಸ್ ಕುಕ್ಕೀಸ್ ಬೇರೆ ಮಾಡಿ ಕೊಡುತ್ತಾರೆ, ಆದರೆ ಅದಕ್ಕೆ ಅರ್ಧ ಕಿಲೋಕ್ಕಿಂತ ಕಡಿಮೆ ಆರ್ಡರ್ ತಗೊಳ್ಳುವುದಿಲ್ಲ.