ಬ್ಯಾಡ್ಜರ್ ಕೂದಲಿನ ಶೇವಿಂಗ್ ಬ್ರಷ್: ಮೃದುತ್ವ ಎಷ್ಟಿದ್ದರೆ ಸಾಕು?

ಕೆಲವು ತಿಂಗಳುಗಳಿಂದ ನಾನು 24 ಮಿಲಿಮೀಟರ್ ಅಗಲದ ಗಂಟಿನ (ಹಿಡಿಗೆ ಅಂಟಿಸಿದ ಕೂದಲಿನ ಕಟ್ಟು), ಸಿಲ್ವರ್‌ಟಿಪ್ ಎಂಬ ಅತಿ ಮೃದು ದರ್ಜೆಯ ಬ್ಯಾಡ್ಜರ್ (ಬಿಲ ತೋಡುವ ಒಂದು ಕಾಡುಪ್ರಾಣಿ) ಕೂದಲಿನ ಬ್ರಷ್ ಬಳಸುತ್ತಿದ್ದೇನೆ. ಒಣ ಬ್ರಷ್ಷನ್ನು ಕೆನ್ನೆಗೆ ಸವರಿ ಅದರ ಮೃದುತ್ವವನ್ನು ಅಳೆಯುವುದು ತಪ್ಪು. ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ನೆನೆದ ಮೇಲಷ್ಟೇ ಅದರ ನಿಜವಾದ ಗುಣ ತಿಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ, ನಡುವಿನ ಕಪ್ಪು ಪಟ್ಟಿಯನ್ನು ದಾಟಿದ ಕೂದಲು ತುದಿಯತ್ತ ಬೆಳ್ಳಗಾಗುತ್ತ ತೀರಾ ಸಪೂರವಾಗುವುದು ಕಾಣುತ್ತದೆ. ಕತ್ತರಿಸದೆ ಉಳಿಸಿಕೊಂಡ ಈ ಸಹಜ ತುದಿಯಿಂದಾಗಿಯೇ ಗದ್ದದ ಕೆಳಗಿನ ಸೂಕ್ಷ್ಮ ಚರ್ಮಕ್ಕೂ ಅದು ಚುಚ್ಚುವುದಿಲ್ಲ.

ಆದರೆ ಮೃದುತ್ವವೊಂದೇ ಸಾಲದು. ಕ್ರೀಮಿನಲ್ಲಿ ಕ್ಷಣಾರ್ಧದಲ್ಲಿ ದಟ್ಟ ನೊರೆ ಎಬ್ಬಿಸುವ ಇದೇ ಬ್ರಷ್, ಗಟ್ಟಿ ಸಾಬೂನಿನ ಮೇಲೆ ಬಾಗಿ ಸೋಲುತ್ತದೆ. ಅಲ್ಲಿ ಅಗ್ಗದ 'ಪ್ಯೂರ್' ದರ್ಜೆಯ ಒರಟು ಕೂದಲೇ ಮೇಲು, ತುಸು ಚುಚ್ಚಿದರೂ ಸರಿಯೇ. ಗಂಟು ಗಿಡ್ಡವಾಗಿದ್ದು ಕೂದಲು ದಟ್ಟವಾಗಿದ್ದರೆ ಬಿಗಿ ಹೆಚ್ಚುತ್ತದೆ. ನನ್ನದು ಉದ್ದನೆಯದು, ಆ ಆಯ್ಕೆ ನನ್ನದೇ ತಪ್ಪು.

ಮೊದಲ ವಾರ ಒದ್ದೆ ಪ್ರಾಣಿಯ ವಾಸನೆ ಬರುತ್ತಿತ್ತು, ಏಳೆಂಟು ಕೂದಲುಗಳೂ ಉದುರಿದವು. ಈಗ ಎರಡೂ ನಿಂತಿವೆ. ಕುದಿಯುವ ನೀರನ್ನು ಮಾತ್ರ ತಾಗಿಸಬೇಡಿ. ಕೂದಲೂ ಕೆಡುತ್ತದೆ, ಬುಡದ ಅಂಟೂ ಸಡಿಲವಾಗುತ್ತದೆ.