ಬೀಪ್ ಇಲ್ಲದ್ದೇ ನನಗೆ ಸರಿ: ಹಳೇ ಸಿಂಬಿಯನ್ ಫೋನಿನಲ್ಲಿ ಕಾಲ್ ರೆಕಾರ್ಡಿಂಗ್

ಮೊದಲೇ ಹೇಳಿಬಿಡುತ್ತೇನೆ, ಕಾಲ್ ರೆಕಾರ್ಡ್ ಮಾಡಲು ಯಾವ ದಾರಿ ಅಂದರೆ ನನ್ನ ವೋಟು ಸಿಂಬಿಯನ್ (ನೋಕಿಯಾದ ಹಳೇ ಸ್ಮಾರ್ಟ್‌ಫೋನ್‌ಗಳಲ್ಲಿದ್ದ ಆಪರೇಟಿಂಗ್ ಸಿಸ್ಟಮ್) ಫೋನಿಗೆ ಹೊರಗಿನಿಂದ ಹಾಕಿಕೊಂಡ ಆ್ಯಪಿಗೆ.

ಮೂಡಿಗೆರೆ ಕಡೆ ನಮ್ಮದು ಚಿಕ್ಕ ರೋಬಸ್ಟಾ ಕಾಫಿ ತೋಟ. ಚೆರಿ (ಒಣಗಿಸಿದ ಕಾಫಿ ಹಣ್ಣು) ವ್ಯಾಪಾರವೆಲ್ಲ ಫೋನಿನಲ್ಲೇ. ಹೋದ ವರ್ಷ ಸ್ಯಾಂಪಲ್ ನೋಡಿ ವ್ಯಾಪಾರಿ ಹೇಳಿದ್ದು 27 ಓಟಿ (ಔಟ್‌ಟರ್ನ್, ಅಂದರೆ 50 ಕೆಜಿ ಚೆರಿಯಿಂದ ಸಿಪ್ಪೆ ತೆಗೆದ ಮೇಲೆ ಸಿಗುವ ಕ್ಲೀನ್ ಕಾಫಿ ಎಷ್ಟು ಕೆಜಿ ಅಂತ) ಅಂತ ನಾನು, 26 ಅಂತ ಅವರು. 50 ಕೆಜಿ ಚೀಲಕ್ಕೆ ಒಂದು ಕೆಜಿ ಕ್ಲೀನ್ ಕಾಫಿ ಹೋಯಿತು ಅಂದ್ರೆ ಸುಮ್ನೆನಾ?

ನನ್ನ ಆಂಡ್ರಾಯ್ಡ್‌ನಲ್ಲಿ ರೆಕಾರ್ಡಿಂಗ್ ಬಟನ್ನೇ ಇಲ್ಲ. ಆ್ಯಪ್‌ಗಳು ಬಳಸುತ್ತಿದ್ದ ಅಡ್ಡದಾರಿಯನ್ನು ಗೂಗಲ್ ಪ್ಲೇ ಸ್ಟೋರ್ 2022ರ ಮೇ 11ರಿಂದ ಮುಚ್ಚಿತು. ಮನೆಯಲ್ಲಿದ್ದ ವಿಂಡೋಸ್ ಫೋನ್ 8 ಅಂತೂ ಕಾಲ್‌ನ ಧ್ವನಿಯನ್ನು ಯಾವ ಆ್ಯಪಿಗೂ ಕೊಡುವುದಿಲ್ಲ. ಸ್ಪೀಕರ್ ಹಾಕಿ ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟೂ ನೋಡಿದೆ. ಶೀಟಿನ ಮೇಲೆ ಮಳೆ ಬೀಳುವ ಸದ್ದು ಚೆನ್ನಾಗಿ ರೆಕಾರ್ಡ್ ಆಗಿತ್ತು.

ಉಳಿದಿದ್ದು ಪೆಟ್ಟಿಗೆಯಲ್ಲಿದ್ದ ಸಿಂಬಿಯನ್. ನಮ್ಮ ಮನೆಗೆ ಸಿಗುವ 2ಜಿ ಸಿಗ್ನಲ್ ಅದಕ್ಕೆ ಸಾಕು. ಅದರದ್ದೇ ವಾಯ್ಸ್ ರೆಕಾರ್ಡರ್ ಕಾಲ್ ನಡುವೆಯೂ ಓಡುತ್ತದೆ, ಆದರೆ ಆಗಾಗ ಎರಡೂ ಕಡೆ ಬೀಪ್ ಹೊಡೆಯುತ್ತದೆ. ರೆಕಾರ್ಡ್ ಆಗುವುದು ಗೊತ್ತಾಗಲಿ ಅಂತ ಆ ಏರ್ಪಾಡು, ತಪ್ಪಲ್ಲ. ಆದರೆ 'ಇಪ್ಪತ್ತ...' ಅಂದ ಮೇಲೆ ಸರಿಯಾಗಿ ಟೊಂಯ್ ಅಂದಿತು. ಆರೋ ಏಳೋ? ಇಷ್ಟೆಲ್ಲ ಮಾಡಿದ್ದು ಅದಕ್ಕೇ ಅಲ್ವಾ!

ಹೊರಗಿನ ಆ್ಯಪಿನಲ್ಲಿ ಬೀಪ್ ಇಲ್ಲ, ಕಾಲ್ ಬಂದರೆ ತಾನೇ ಶುರುವಾಗುತ್ತದೆ. ಎಎಂಆರ್‌ನಲ್ಲಿ (ಮಾತಿಗೆಂದೇ ಇರುವ, ಕಡಿಮೆ ಜಾಗ ಹಿಡಿಯುವ ಆಡಿಯೋ ಫೈಲ್) ಇಟ್ಟರೆ ಒಂದು ನಿಮಿಷಕ್ಕೆ 100 ಕೆಬಿಯೂ ಬೇಡ. ಕುಗ್ಗಿಸದ ವೇವ್ ಫೈಲ್ ಆದರೆ ಅದರ ಹತ್ತು ಪಟ್ಟು ಜಾಸ್ತಿ, ಮಾತಿಗೆ ಅದು ದಂಡ.

ಗೋಳು ಇರುವುದು ಇನ್‌ಸ್ಟಾಲ್ ಮಾಡುವಾಗ. ಸಿಸ್ ಫೈಲ್ (ಸಿಂಬಿಯನ್ ಆ್ಯಪಿನ ಇನ್‌ಸ್ಟಾಲ್ ಫೈಲ್) ಒತ್ತಿದರೆ 'ಸರ್ಟಿಫಿಕೇಟ್ ಅವಧಿ ಮುಗಿದಿದೆ' ಅನ್ನುತ್ತದೆ. ಆ್ಯಪಿಗೆ ಡಿಜಿಟಲ್ ಸಹಿ ಬಿದ್ದು ವರ್ಷಗಳಾಗಿವೆ, ಹೊಸದಾಗಿ ಹಾಕುವವರು ಯಾರೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಆನ್‌ಲೈನ್ ಸರ್ಟಿಫಿಕೇಟ್ ಚೆಕ್ ಆಫ್ ಮಾಡಿದೆ. ಆಗಲಿಲ್ಲ. ಮೆಮೊರಿ ಕಾರ್ಡ್ ಬಿಟ್ಟು ಫೋನಿನ ಮೆಮೊರಿಗೆ ಹಾಕಿದೆ. ಊಹೂಂ. ಕೊನೆಗೆ ಫೋನಿನ ತಾರೀಕನ್ನೇ 2010ಕ್ಕೆ ತಿರುಗಿಸಿದೆ. ಮರುಮಾತಿಲ್ಲದೆ ಕೂತಿತು.

ಖುಷಿಯಲ್ಲಿ ತಾರೀಕು ವಾಪಸ್ ಹಾಕುವುದು ಮರೆತೆ. ವಾರದ ಕಾಲ್‌ಗಳೆಲ್ಲ 2010ರ ಲೆಕ್ಕಕ್ಕೆ ಹೋದವು. ಬೇಕಾದ ಕಾಲ್ ಹುಡುಕಲು ಒಂದೊಂದನ್ನೇ ಕೇಳುತ್ತಾ ಕೂತೆ. ಅತ್ತಿಗೆಯ ಜೊತೆ ಹಲಸಿನ ಹಪ್ಪಳದ ಬಗ್ಗೆ ಹನ್ನೆರಡು ನಿಮಿಷ ಮಾತಾಡಿದ್ದೇನೆ ಅಂತ ಆಗಲೇ ಗೊತ್ತಾಗಿದ್ದು.

ದಿನಕ್ಕೆ ಐವತ್ತು ಕಾಲ್ ಬರುವವರಿಗೆ ಇದು ಆಗುವುದಿಲ್ಲ, ರೆಕಾರ್ಡಿಂಗ್ ಇರುವ ಹೊಸ ಫೋನ್ ತಗೊಳ್ಳಿ. ನನಗೆ ಸೀಸನ್‌ನಲ್ಲಿ ಬರುವುದು ನಾಲ್ಕೈದು. ಖರ್ಚಾಗಿದ್ದು ಒಂದು ಬ್ಯಾಟರಿಗೆ ಮಾತ್ರ.

ಬೀಪ್ ಇಲ್ಲದ್ದರಿಂದ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಈ ಸಲ 'ರೆಕಾರ್ಡ್ ಆಗ್ತಿದೆ ಸ್ವಾಮಿ' ಅಂದೆ. ವ್ಯಾಪಾರಿ ಒಂದು ಕ್ಷಣ ಸುಮ್ಮನಿದ್ದು, ಓಟಿಯನ್ನು ಎರಡು ಸಲ ಬಿಡಿಸಿ ಹೇಳಿದರು.